ಹೋ ದೊಡ್ಡಪ್ಪ

ವಿಯೆಟ್ನಾಂ ಯುದ್ಧ ಅಂದ ತಕ್ಷಣ ನಮ್ಮ ಹಾಸ್ಟೆಲಿನಲ್ಲಿ ಎಲ್ಲರ ತಲೆಗೂ ಬರೋದು ಒಂದೇ ಚಿತ್ರ. ಕಾಡಿನ ಮೇಲೆ ಸಾಲಾಗಿ ಹಾರುವ ಅಮೆರಿಕದ ಹೆಲಿಕಾಪ್ಟರ್‌ಗಳು. ಎಲ್ಲಾ ಸಿನಿಮಾದ ಪ್ರಭಾವ. ಅದಕ್ಕೂ ಮುಂಚೆ ಅದೇ ನೆಲದಲ್ಲಿ ಫ್ರೆಂಚರ ವಿರುದ್ಧ ಏಳೂವರೆ ವರ್ಷ ಇನ್ನೊಂದು ಯುದ್ಧ ನಡೆದಿತ್ತು, ಸೈಕಲ್ಲು, ಗುದ್ದಲಿ, ಬಿದಿರು ಇಟ್ಕೊಂಡು ಹಳ್ಳಿಯ ಜನ ಒಂದು ಯುರೋಪಿಯನ್ ಸೈನ್ಯವನ್ನ ಶರಣಾಗಿಸಿದ್ದರು ಅನ್ನೋದು ನಮಗೆ ಗೊತ್ತಾಗಿದ್ದು ಈ ವರ್ಷ. ಗೊತ್ತಾದ ಮೇಲೆ ಆ ಯುದ್ಧದ ನಡುವೆ ನಿಂತಿದ್ದ ಮನುಷ್ಯನ ಬಗ್ಗೆ ಸಿಕ್ಕಿದ್ದೆಲ್ಲ ಓದಿದ್ವಿ. ನಾವು ಇಂಗ್ಲಿಷ್ ಮೀಡಿಯಂ ಗಿರಾಕಿಗಳು, ಕಾಗುಣಿತ ತಪ್ಪಿದ್ದರೆ ತಿದ್ದಿ ಓದಿಕೊಳ್ಳಿ.

ಹೋ ಚಿ ಮಿನ್ ಅವರನ್ನ ಇಂಗ್ಲಿಷಿನಲ್ಲಿ ಅಂಕಲ್ ಹೋ ಅಂತಾರೆ. ಆದರೆ ವಿಯೆಟ್ನಾಮಿನ ಜನ ಕರೆಯೋದು ಬಾಕ್ ಹೋ ಅಂತ. ಬಾಕ್ ಅಂದ್ರೆ ಬರೀ ಅಂಕಲ್ ಅಲ್ಲ, ಅಪ್ಪನ ಅಣ್ಣ. ಇಂಗ್ಲಿಷಿಗೆ ಈ ವ್ಯತ್ಯಾಸ ಗೊತ್ತಿಲ್ಲ, ಕನ್ನಡಕ್ಕೆ ಗೊತ್ತು. ಹಾಗಾಗಿ ನಮ್ಮ ಲೇಖನದಲ್ಲಿ ಅವರು ಹೋ ದೊಡ್ಡಪ್ಪ.

ಆ ಹೆಸರೂ ಅವರ ನಿಜವಾದ ಹೆಸರಲ್ಲ. ಹುಟ್ಟಿದಾಗ ಇಟ್ಟಿದ್ದು ನ್ಗುಯೆನ್ ಸಿನ್ ಕುಂಗ್. ಸ್ಕೂಲಿಗೆ ಹೋಗೋ ವಯಸ್ಸಿಗೆ ನ್ಗುಯೆನ್ ತಾತ್ ಥಾನ್. ಹಡಗಿನಲ್ಲಿ ವಾನ್ ಬಾ, ಪ್ಯಾರಿಸಿನಲ್ಲಿ ನ್ಗುಯೆನ್ ಐ ಕ್ವೋಕ್, ಅಂದ್ರೆ ದೇಶಪ್ರೇಮಿ ನ್ಗುಯೆನ್. ಹೋ ಚಿ ಮಿನ್ ಅನ್ನೋ ಹೆಸರು ಅಂಟಿಕೊಂಡಿದ್ದು ಐವತ್ತು ದಾಟಿದ ಮೇಲೆ. ನಡುವೆ ಇನ್ನೂ ಡಜನ್‌ಗಟ್ಟಲೆ ಹೆಸರುಗಳಿದ್ದವು. ಬೇರೆ ಹೆಸರಿಟ್ಟುಕೊಂಡು ತಮ್ಮದೇ ಜೀವನಚರಿತ್ರೆಯನ್ನ ತಾವೇ ಬರೆದರು ಅಂತಾನೂ ಇತಿಹಾಸಕಾರರು ನಂಬುತ್ತಾರೆ. ಅವರ ಬದುಕಿನ ಎಷ್ಟೋ ಸಂಗತಿ ಮಬ್ಬಾಗಿರೋದಕ್ಕೆ ಅದೂ ಒಂದು ಕಾರಣ.

1890ರಲ್ಲಿ ಮಧ್ಯ ವಿಯೆಟ್ನಾಮಿನ ನ್ಘೆ ಆನ್ ಪ್ರಾಂತ್ಯದ ಒಂದು ಹಳ್ಳಿಯಲ್ಲಿ ಹುಟ್ಟಿದ್ದು. ಬಡತನದ ಪ್ರಾಂತ್ಯ, ಆದರೆ ಓದೋರ ಪ್ರಾಂತ್ಯ. ಅಪ್ಪ ಹಳೇ ಕಾಲದ ಚೀನೀ ಲಿಪಿಯ ಪಂಡಿತ, ಪರೀಕ್ಷೆ ಪಾಸು ಮಾಡಿ ಸರ್ಕಾರಿ ಹುದ್ದೆಗೆ ಹೋದವರು, ಆಮೇಲೆ ಆ ಹುದ್ದೆ ಕಳೆದುಕೊಂಡವರು. ರಾಜಧಾನಿ ಹುಎ ನಗರದಲ್ಲಿ ಹೆರಿಗೆ ಆದ ಸ್ವಲ್ಪ ದಿನಕ್ಕೆ ಅಮ್ಮ ತೀರಿಕೊಂಡರು. ಆಗ ಹುಡುಗನಿಗೆ ಹತ್ತೋ ಹನ್ನೊಂದೋ ವಯಸ್ಸು. ಹುಎಯಲ್ಲಿ ಫ್ರೆಂಚ್ ಕಲಿಸುವ ಶಾಲೆಗೆ ಸೇರಿದ. 1908ರಲ್ಲಿ ತೆರಿಗೆ ಮತ್ತು ಬಿಟ್ಟಿ ದುಡಿಮೆಯ ವಿರುದ್ಧ ರೈತರು ಬೀದಿಗಿಳಿದಾಗ ಇವನೂ ಜೊತೆಗೆ ಹೋದ ಅಂತಾರೆ. ಆಮೇಲೆ ಸ್ವಲ್ಪ ದಿನ ಸಮುದ್ರದಂಡೆಯ ಫಾನ್ ಥಿಯೆತ್ ಊರಲ್ಲಿ ಮೇಷ್ಟ್ರು.

1911ರ ಜೂನ್ 5ರಂದು ಸೈಗಾನ್ ಬಂದರಿನಿಂದ ಹೊರಟ ಒಂದು ಫ್ರೆಂಚ್ ಹಡಗಿನ ಅಡುಗೆಮನೆಗೆ ಕೆಲಸಕ್ಕೆ ಸೇರಿಕೊಂಡ. ವಯಸ್ಸು 21, ನಮಗಿಂತ ಎರಡು ವರ್ಷ ದೊಡ್ಡವನು. ತರಕಾರಿ ಹೆಚ್ಚೋದು, ಪಾತ್ರೆ ಉಜ್ಜೋದು, ಒಲೆಗೆ ಕಲ್ಲಿದ್ದಲು ಹಾಕೋದು. ದೇಶ ಬಿಡಿಸೋ ದಾರಿ ಹುಡುಕೋದಕ್ಕೇ ಹೊರಟಿದ್ದು ಅಂತ ಅಲ್ಲಿನ ಅಧಿಕೃತ ಕಥೆ. ಆದರೆ ಮಾರ್ಸೇಲ್ಸ್ ತಲುಪಿದ ಮೇಲೆ ಅವನು ಮಾಡಿದ ಕೆಲಸಗಳಲ್ಲಿ ಒಂದು, ಪ್ಯಾರಿಸಿನ ವಸಾಹತು ಶಾಲೆಗೆ ಅರ್ಜಿ ಹಾಕಿದ್ದು! ಫ್ರೆಂಚ್ ವಸಾಹತುಗಳನ್ನ ಆಳೋ ಅಧಿಕಾರಿಗಳನ್ನ ತಯಾರು ಮಾಡುವ ಕಾಲೇಜು ಅದು. ಸೀಟು ಸಿಗಲಿಲ್ಲ. ಸಿಕ್ಕಿದ್ದಿದ್ರೆ ಏನಾಗ್ತಿತ್ತು ಅಂತ ಮೆಸ್ಸಿನಲ್ಲಿ ನಾವು ಒಂದು ರಾತ್ರಿ ಪೂರ್ತಿ ವಾದ ಮಾಡಿದ್ವಿ, ಬಗೆಹರಿಯಲಿಲ್ಲ. ನಮಗನಿಸಿದ್ದು ಇಷ್ಟು. ಇಪ್ಪತ್ತೊಂದರ ಹುಡುಗನಿಗೆ ಮುಂದೇನು ಅಂತ ಸ್ಪಷ್ಟವಾಗಿ ಗೊತ್ತಿರಲಿಲ್ಲ, ಅಷ್ಟೇ. ಅದರಲ್ಲಿ ಮುಚ್ಚಿಡೋ ಅಂಥದ್ದು ಏನೂ ಇಲ್ಲ.

ಆಮೇಲಿನ ಕೆಲವು ವರ್ಷ ಬಂದರಿಂದ ಬಂದರಿಗೆ. ಲಂಡನ್ನಿನ ಹೋಟೆಲ್ ಅಡುಗೆಮನೆಗಳಲ್ಲಿ ಕೆಲಸ. ಮೊದಲ ಮಹಾಯುದ್ಧ ಮುಗಿಯೋ ಹೊತ್ತಿಗೆ ಪ್ಯಾರಿಸ್. ಅಲ್ಲಿ ಹೊಟ್ಟೆಪಾಡಿಗೆ ಫೋಟೋ ರೀಟಚ್ ಮಾಡುವ ಕೆಲಸ. ಇಲ್ಲಿಂದ ಅವರಿಗೆ ಬಹುವಚನ, ಯಾಕಂದ್ರೆ 1919ರಲ್ಲಿ ಅವರು ಮಾಡಿದ್ದು ಸಣ್ಣ ಕೆಲಸವಲ್ಲ. ಯುದ್ಧ ಗೆದ್ದ ದೇಶಗಳು ವರ್ಸೈಲ್ಸ್‌ನಲ್ಲಿ ಸಭೆ ಸೇರಿದ್ದಾಗ, ಅಲ್ಲಿದ್ದ ವಿಯೆಟ್ನಾಮಿ ಗೆಳೆಯರ ಜೊತೆ ಸೇರಿ ಎಂಟು ಬೇಡಿಕೆಗಳ ಪಟ್ಟಿ ಸಲ್ಲಿಸಿದರು. ಅದರಲ್ಲಿ ಸ್ವಾತಂತ್ರ್ಯದ ಮಾತೇ ಇಲ್ಲ. ರಾಜಕೀಯ ಕೈದಿಗಳ ಬಿಡುಗಡೆ, ಪತ್ರಿಕಾ ಸ್ವಾತಂತ್ರ್ಯ, ಎಲ್ಲರಿಗೂ ಒಂದೇ ಕಾನೂನು, ಶಾಲೆಗಳು, ಫ್ರೆಂಚ್ ಸಂಸತ್ತಿನಲ್ಲಿ ತಮ್ಮ ಪ್ರತಿನಿಧಿಗಳು, ಇಂಥವೇ. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಕಿವಿಗೆ ಹಾಕಿಕೊಂಡವರು ಒಬ್ಬರೇ, ಫ್ರೆಂಚ್ ಗುಪ್ತ ಪೊಲೀಸರು. ಯಾರೀ ನ್ಗುಯೆನ್ ಐ ಕ್ವೋಕ್ ಅಂತ ಫೈಲ್ ತೆರೆದು ಹಿಂದೆ ಬಿದ್ದರು. ಇವತ್ತು ಅವರ ಪ್ಯಾರಿಸ್ ದಿನಗಳ ಬಗ್ಗೆ ನಮಗೆ ಇಷ್ಟೆಲ್ಲಾ ಗೊತ್ತಿರೋದು ಆ ಫೈಲಿನ ಪುಣ್ಯ.

1920ರ ಡಿಸೆಂಬರಿನಲ್ಲಿ ಟೂರ್ಸ್ ನಗರದ ಸಮಾವೇಶದಲ್ಲಿ ಫ್ರೆಂಚ್ ಕಮ್ಯುನಿಸ್ಟ್ ಪಕ್ಷ ಹುಟ್ಟಿದಾಗ ಇವರೂ ಅದರಲ್ಲಿದ್ದರು. ಅಲ್ಲಿಂದ ಮಾಸ್ಕೋ, ಕ್ಯಾಂಟನ್, ಸಯಾಮ್. 1930ರಲ್ಲಿ ಹಾಂಗ್‌ಕಾಂಗ್‌ನಲ್ಲಿ ಕಿತ್ತಾಡುತ್ತಿದ್ದ ಗುಂಪುಗಳನ್ನ ಕೂರಿಸಿ ವಿಯೆಟ್ನಾಂ ಕಮ್ಯುನಿಸ್ಟ್ ಪಕ್ಷ ಕಟ್ಟಿದರು. ಮರುವರ್ಷ ಅಲ್ಲೇ ಬ್ರಿಟಿಷ್ ಪೊಲೀಸರು ಹಿಡಿದರು. ಫ್ರೆಂಚರ ಕೈಗೆ ಒಪ್ಪಿಸಿದ್ದರೆ ಕಥೆ ಅಲ್ಲಿಗೇ ಮುಗೀತಿತ್ತು. ಲೋಸ್ಬಿ ಅನ್ನೋ ಇಂಗ್ಲಿಷ್ ವಕೀಲರೊಬ್ಬರು ಬಿಡದೆ ಕೇಸು ನಡೆಸಿದರು. ನಡುವೆ ಅವರು ಕ್ಷಯದಿಂದ ಸತ್ತರು ಅಂತ ಪತ್ರಿಕೆಗಳಲ್ಲೂ ಬಂದುಬಿಟ್ಟಿತು. ಸತ್ತವರು ಕೆಲವು ವರ್ಷಗಳಲ್ಲಿ ಮಾಸ್ಕೋದಲ್ಲಿ ಹಾಜರು.

1941ರಲ್ಲಿ ಚೀನಾದ ಗಡಿ ದಾಟಿ ವಿಯೆಟ್ನಾಮಿನ ನೆಲದಲ್ಲಿ ಕಾಲಿಟ್ಟರು. ಬಿಟ್ಟು ಹೋಗಿ ಸುಮಾರು ಮೂವತ್ತು ವರ್ಷ. ಗಡಿಗೆ ಅಂಟಿಕೊಂಡೇ ಇರುವ ಪಾಕ್ ಬೊ ಅನ್ನೋ ಜಾಗದ ಒಂದು ಗುಹೆಯಲ್ಲಿ ವಾಸ, ಹಲಗೆಯ ಮೇಲೆ ಮಲಗೋದು, ಹಳ್ಳದ ಪಕ್ಕದ ಬಂಡೆಯೇ ಮೇಜು. ಆ ವರ್ಷ ಮೇ ತಿಂಗಳಲ್ಲಿ ವಿಯೆಟ್ ಮಿನ್ ಸಂಘಟನೆ ಶುರುವಾಯಿತು. ಕಮ್ಯುನಿಸ್ಟರಷ್ಟೇ ಅಲ್ಲದೆ ಸ್ವಾತಂತ್ರ್ಯ ಬೇಕು ಅನ್ನೋ ಯಾರು ಬೇಕಾದರೂ ಸೇರಬಹುದಿತ್ತು. ಮರುವರ್ಷ ಚೀನಾಕ್ಕೆ ಹೋದಾಗ ಗೂಢಚಾರಿ ಅಂತ ಅಲ್ಲಿ ಸೆರೆ. ವರ್ಷಕ್ಕೂ ಹೆಚ್ಚು ಕಾಲ ಜೈಲಿಂದ ಜೈಲಿಗೆ ನಡೆಸಿಕೊಂಡು ಹೋದರು. ಆ ದಿನಗಳಲ್ಲಿ ಹಳೇ ಚೀನೀ ಶೈಲಿಯಲ್ಲಿ ಬರೆದ ಪುಟ್ಟ ಪದ್ಯಗಳೇ ಆಮೇಲೆ ಅವರ ಜೈಲು ಡೈರಿ ಅಂತ ಹೆಸರಾಯಿತು.

ಈಗ 1945. ಎರಡನೇ ಮಹಾಯುದ್ಧದ ಕೊನೆ. ಜಪಾನಿ ಸೈನ್ಯ ಮತ್ತು ಫ್ರೆಂಚ್ ಆಡಳಿತ ಎರಡೂ ಒಟ್ಟಿಗೆ ಆ ದೇಶದ ಕತ್ತಿನ ಮೇಲೆ ಕೂತಿದ್ದವು. ರೈತರಿಂದ ಬಲವಂತವಾಗಿ ಅಕ್ಕಿ ಕಿತ್ತುಕೊಂಡಿದ್ದು, ಭತ್ತದ ಬದಲು ಸೆಣಬು ಬೆಳೆಸಿದ್ದು, ದಕ್ಷಿಣದ ಅಕ್ಕಿ ಉತ್ತರಕ್ಕೆ ತಲುಪದಿದ್ದದ್ದು, ಮೇಲೆ ಕೆಟ್ಟ ಹವಾಮಾನ. ಉತ್ತರದಲ್ಲಿ ಕ್ಷಾಮ ಬಂತು. ಹತ್ತು ಲಕ್ಷದ ಆಸುಪಾಸು ಜನ ಸತ್ತರು ಅಂತ ಹಲವರ ಅಂದಾಜು, ವಿಯೆಟ್ನಾಮಿನವರ ಲೆಕ್ಕದಲ್ಲಿ ಇಪ್ಪತ್ತು ಲಕ್ಷ. ಅದಕ್ಕೆ ಎರಡೇ ವರ್ಷ ಮುಂಚೆ ನಮ್ಮ ಬಂಗಾಳದಲ್ಲಿ ಆಗಿದ್ದೂ ಹೆಚ್ಚು ಕಡಿಮೆ ಇದೇ. ವಿಯೆಟ್ ಮಿನ್‌ನವರು ಅಕ್ಕಿ ಗೋದಾಮುಗಳಿಗೆ ನುಗ್ಗಿ ಹಂಚಿದರು. ಜನ ಅವರ ಹಿಂದೆ ಹೋಗಿದ್ದು ಮಾರ್ಕ್ಸ್‌ನನ್ನ ಓದಿ ಅಂತ ನಮಗೆ ಅನಿಸೋದಿಲ್ಲ. ಅಕ್ಕಿಗೆ.

ಆ ಬೇಸಿಗೆಯಲ್ಲಿ ಹೋ ದೊಡ್ಡಪ್ಪ ಕಾಡಿನಲ್ಲಿ ಜ್ವರ ಬಂದು ಸಾಯೋ ಹಾಗಿದ್ದರು. ಔಷಧ ಕೊಟ್ಟವರು ಯಾರು ಗೊತ್ತಾ? ಅಮೆರಿಕದ ಗುಪ್ತಚರ ದಳದವರು. ಜಪಾನಿಗಳ ವಿರುದ್ಧ ಆಗ ಇಬ್ಬರೂ ಒಂದೇ ಕಡೆ.

ಆಗಸ್ಟಿನಲ್ಲಿ ಜಪಾನ್ ಸೋತಿತು. ಕೆಲವೇ ದಿನಗಳಲ್ಲಿ ಹನೋಯ್ ವಿಯೆಟ್ ಮಿನ್ ಕೈಗೆ ಬಂತು, ಬಾವೊ ದಾಯ್ ಚಕ್ರವರ್ತಿ ಸಿಂಹಾಸನ ಬಿಟ್ಟ. ಸೆಪ್ಟೆಂಬರ್ 2ರಂದು ಬಾ ದಿನ್ ಮೈದಾನದಲ್ಲಿ ಲಕ್ಷಾಂತರ ಜನರೆದುರು ಅವರು ಸ್ವಾತಂತ್ರ್ಯದ ಘೋಷಣೆ ಓದಿದರು. ಅದನ್ನ ಶುರು ಮಾಡಿದ್ದು ಅಮೆರಿಕದ ಸ್ವಾತಂತ್ರ್ಯ ಘೋಷಣೆಯ ಸಾಲಿನಿಂದ. ಓದುತ್ತಾ ಓದುತ್ತಾ ನಡುವೆ ನಿಲ್ಲಿಸಿ, ನನ್ನ ಮಾತು ಕೇಳಿಸ್ತಿದೆಯಾ ಅಂತ ಜನರನ್ನ ವಿಚಾರಿಸಿದರಂತೆ. ಕಾಲೇಜು ಫೆಸ್ಟಿನಲ್ಲಿ ಮೈಕ್ ಹಿಡಿದಿರುವ ನಮಗೆ ಆ ಕ್ಷಣ ಚೆನ್ನಾಗಿ ಅರ್ಥ ಆಗುತ್ತೆ.

ಹೊಸ ಸರ್ಕಾರದ ಖಜಾನೆ ಖಾಲಿ. ಚಿನ್ನದ ವಾರ ಅಂತ ಮಾಡಿ ಜನರ ಹತ್ತಿರ ಕೇಳಿದರು. ಮದುವೆ ಉಂಗುರ, ಓಲೆ ಬಿಚ್ಚಿಕೊಟ್ಟರು, 370 ಕಿಲೋ ಚಿನ್ನ ಸೇರಿತು. ಹತ್ತು ದಿನಕ್ಕೊಮ್ಮೆ ಒಂದು ಹೊತ್ತು ಊಟ ಬಿಟ್ಟು ಆ ಅಕ್ಕಿಯನ್ನ ಹಸಿದವರಿಗೆ ಕೊಡಿ ಅಂದರು, ತಾವೂ ಬಿಟ್ಟರು. ಹತ್ತರಲ್ಲಿ ಒಂಬತ್ತು ಜನಕ್ಕೆ ಓದು ಬರ್ತಿರಲಿಲ್ಲ. ಸ್ವಾತಂತ್ರ್ಯ ಬಂದ ವಾರದೊಳಗೇ ಅಕ್ಷರ ಕಲಿಸುವ ಚಳವಳಿಗೆ ಆದೇಶ ಹೊರಟಿತು.

ಆದರೆ ಮಿತ್ರರಾಷ್ಟ್ರಗಳು ಮೊದಲೇ ದೇಶವನ್ನ 16ನೇ ಅಕ್ಷಾಂಶದಲ್ಲಿ ಕತ್ತರಿಸಿದ್ದವು. ಸೋತ ಜಪಾನಿಗಳ ಬಂದೂಕು ಇಳಿಸೋಕೆ ಉತ್ತರಕ್ಕೆ ಚೀನೀ ಸೈನ್ಯ, ದಕ್ಷಿಣಕ್ಕೆ ಬ್ರಿಟಿಷ್ ಸೈನ್ಯ. ಇಲ್ಲಿ ನಾವು ಓದೋದನ್ನ ಸ್ವಲ್ಪ ನಿಲ್ಲಿಸಿದ್ವಿ. ಸೈಗಾನಿಗೆ ಬಂದ ಆ ಬ್ರಿಟಿಷ್ ಸೈನ್ಯ ಅಂದ್ರೆ ಜನರಲ್ ಗ್ರೇಸಿಯ 20ನೇ ಇಂಡಿಯನ್ ಡಿವಿಷನ್. ನಮ್ಮವರೇ. ಸೆಪ್ಟೆಂಬರ್ ಕೊನೆಗೆ ಗ್ರೇಸಿ, ಸೆರೆಯಲ್ಲಿದ್ದ ಫ್ರೆಂಚ್ ಸೈನಿಕರಿಗೆ ಬಂದೂಕು ಕೊಟ್ಟ. ಅವರು ಸೈಗಾನ್ ಕಚೇರಿಗಳನ್ನ ಕಿತ್ತುಕೊಂಡರು. ಆಮೇಲಿನ ಹೋರಾಟದಲ್ಲಿ ವಿಯೆಟ್ ಮಿನ್ ವಿರುದ್ಧ ಭಾರತೀಯ ಸಿಪಾಯಿಗಳನ್ನ, ಸೋತ ಜಪಾನಿಗಳನ್ನ ಕೂಡ ಬಳಸಿದರು. ಇಲ್ಲಿ ನೆಹರೂ, ಕಾಂಗ್ರೆಸ್ಸು ಪ್ರತಿಭಟಿಸಿದರು, ಪ್ರಯೋಜನ ಆಗಲಿಲ್ಲ. ಗುಲಾಮ ದೇಶದ ಸೈನಿಕ ಇನ್ನೊಂದು ದೇಶ ಗುಲಾಮ ಆಗಿಯೇ ಇರಲಿ ಅಂತ ಹೋರಾಡಿದ್ದು. ಇದು ನಮಗೆ ಸ್ಕೂಲಲ್ಲಿ ಯಾರೂ ಹೇಳಿರಲಿಲ್ಲ.

ಉತ್ತರದಲ್ಲಿ ಸುಮಾರು ಎರಡು ಲಕ್ಷ ಚೀನೀ ಸೈನಿಕರು ಅನ್ನ ತಿಂದುಕೊಂಡು ಕೂತಿದ್ದರು. ಅವರನ್ನ ಕಳಿಸಬೇಕು ಅಂದ್ರೆ ಫ್ರೆಂಚರ ಜೊತೆ ಒಪ್ಪಂದ ಬೇಕು. 1946ರ ಮಾರ್ಚ್ 6ರಂದು ಹೋ ಸಹಿ ಹಾಕಿದರು. ಫ್ರೆಂಚ್ ಒಕ್ಕೂಟದೊಳಗೆ ವಿಯೆಟ್ನಾಂ ಒಂದು ಮುಕ್ತ ರಾಜ್ಯ, ಬದಲಿಗೆ 15,000 ಫ್ರೆಂಚ್ ಸೈನಿಕರು ಐದು ವರ್ಷದ ಮಟ್ಟಿಗೆ ಉತ್ತರಕ್ಕೆ ವಾಪಸ್. ದೇಶ ಮಾರಿದ ಅಂತ ತಮ್ಮವರೇ ಬೈದರು. ಆಮೇಲೆ ಅವರು ಮಾತುಕತೆಗೆ ಅಂತ ಫ್ರಾನ್ಸಿಗೆ ಹೊರಟರು. ವಿಮಾನ ಇನ್ನೂ ದಾರಿಯಲ್ಲಿದ್ದಾಗಲೇ ಸೈಗಾನಿನಲ್ಲಿದ್ದ ಅಡ್ಮಿರಲ್ ದಾರ್ಜಾಂಲ್ಯೂ ದಕ್ಷಿಣವನ್ನ ಬೇರೆಯದೇ ಗಣರಾಜ್ಯ ಅಂತ ಘೋಷಿಸಿಬಿಟ್ಟ. ಫಾಂಟೆನ್‌ಬ್ಲೋ ಅರಮನೆಯಲ್ಲಿ ಎರಡು ತಿಂಗಳು ಮಾತುಕತೆ ಎಳೆದಾಡಿ ಮುರಿಯಿತು. ಉಳಿದ ನಿಯೋಗ ಊರಿಗೆ ಹೊರಟ ಮೇಲೂ ಅವರೊಬ್ಬರೇ ಉಳಿದು, ಸೆಪ್ಟೆಂಬರ್ 14ರ ಮಧ್ಯರಾತ್ರಿ ದಾಟಿದ ಮೇಲೆ ಒಬ್ಬ ಮಂತ್ರಿಯ ಮನೆಗೆ ಹೋಗಿ ಒಂದು ಅರೆಬರೆ ಒಪ್ಪಂದಕ್ಕೆ ಸಹಿ ಹಾಕಿದರು. ಯುದ್ಧ ತಪ್ಪಿಸೋಕೆ ಅವರು ನಿಜವಾಗಿ ಪ್ರಯತ್ನಪಟ್ಟರು ಅಂತ ಕೆಲವರು, ಬರೀ ಸಮಯ ಗಳಿಸ್ತಿದ್ದರು ಅಂತ ಕೆಲವರು. ಎರಡೂ ಇರಬಹುದು. ಅಮೆರಿಕದ ಅಧ್ಯಕ್ಷ ಟ್ರೂಮನ್‌ಗೆ ಅವರು ಪತ್ರದ ಮೇಲೆ ಪತ್ರ ಬರೆದಿದ್ದರು. ಒಂದಕ್ಕೂ ಉತ್ತರ ಬರಲಿಲ್ಲ.

ವಾಪಸ್ ಬಂದಿದ್ದು ಹಡಗಿನಲ್ಲಿ, ಒಂದು ತಿಂಗಳ ಪ್ರಯಾಣ. ಜೊತೆಗೆ ಫ್ರಾನ್ಸಿನಲ್ಲಿ ನೆಲೆಸಿದ್ದ ಕೆಲವು ವಿಯೆಟ್ನಾಮಿ ಇಂಜಿನಿಯರು, ವಿಜ್ಞಾನಿಗಳನ್ನ ಕರ್ಕೊಂಡು ಬಂದರು. ನಮ್ಮ ಪತ್ರಿಕೆಯ ಓದುಗರಿಗೆ ಇಷ್ಟವಾಗೋದು ಅವರಲ್ಲಿ ಒಬ್ಬರ ಕಥೆ. ಹೆಸರು ಫಾಮ್ ಕ್ವಾಂಗ್ ಲೆ. 1935ರಲ್ಲಿ ಓದೋಕೆ ಪ್ಯಾರಿಸಿಗೆ ಹೋದವರು, ಒಂದರ ಮೇಲೊಂದು ಇಂಜಿನಿಯರಿಂಗ್ ಡಿಗ್ರಿ, ವಿಮಾನ ಕಾರ್ಖಾನೆಯಲ್ಲಿ ಒಳ್ಳೆ ಕೆಲಸ. ಯಾರಿಗೂ ಹೇಳದೆ ಆಯುಧ ತಯಾರಿಕೆಯ ಪುಸ್ತಕಗಳನ್ನ ಓದಿಕೊಂಡಿದ್ದರು. ಹೋ ಅವರಿಗೆ ತ್ರಾನ್ ದಾಯ್ ನ್ಘಿಯಾ ಅಂತ ಹೊಸ ಹೆಸರಿಟ್ಟು, ಊರಲ್ಲಿರೋ ಅವರ ಮನೆಯವರಿಗೆ ತೊಂದರೆಯಾಗದಿರಲಿ ಅಂತ, ಆಯುಧ ವಿಭಾಗ ಒಪ್ಪಿಸಿದರು. ಸರಿಯಾದ ಉಕ್ಕಿಲ್ಲ, ಮದ್ದಿಲ್ಲ, ಲೇತ್ ಇದ್ದರೆ ಕರೆಂಟಿಲ್ಲ. ಅಂಥದ್ದರಲ್ಲಿ ಅಮೆರಿಕದ ಬಜೂಕಾ ನೋಡಿಕೊಂಡು ಟ್ಯಾಂಕ್ ಹೊಡೆಯೋ ರಾಕೆಟ್ ತಯಾರಿಸಿದರು. 1947ರ ಮಾರ್ಚಿನಲ್ಲಿ ಹನೋಯ್ ಹತ್ತಿರ ಅದು ಫ್ರೆಂಚ್ ಗಾಡಿಗಳನ್ನ ನಿಲ್ಲಿಸಿತು. ಲ್ಯಾಬಿನಲ್ಲಿ ಒಂದು ಕಾಂಪೊನೆಂಟ್ ಸಿಗಲಿಲ್ಲ ಅಂದ್ರೆ ನಾವು ಪ್ರಾಜೆಕ್ಟ್ ಬಿಟ್ಟುಬಿಡ್ತೀವಿ.

ಯುದ್ಧ ಶುರುವಾಗಿಯೇ ಬಿಟ್ಟಿತ್ತು. 1946ರ ನವೆಂಬರಿನಲ್ಲಿ ಹೈಫಾಂಗ್ ಬಂದರಿನ ಸುಂಕ ಯಾರದ್ದು ಅನ್ನೋ ಜಗಳದಿಂದ ಫ್ರೆಂಚ್ ಹಡಗುಗಳು ಊರಿನ ಮೇಲೆ ಗುಂಡು ಸುರಿಸಿದವು, ಸಾವಿರಗಟ್ಟಲೆ ಸಾಮಾನ್ಯ ಜನ ಸತ್ತರು. ಡಿಸೆಂಬರ್ 19ರ ರಾತ್ರಿ ಎಂಟರ ಹೊತ್ತಿಗೆ ಹನೋಯ್‌ನ ವಿದ್ಯುತ್ ಸ್ಥಾವರ ನಿಂತಿತು. ಊರೆಲ್ಲ ಕತ್ತಲು. ಅದೇ ಸಂಕೇತ. ಮನೆಯಿಂದ ಮನೆಗೆ ಗೋಡೆ ಕೊರೆದುಕೊಂಡು, ಮಂಚ ಬೀರು ಬೀದಿಗೆ ಹಾಕಿ ಅಡ್ಡಗಟ್ಟಿ ಸುಮಾರು ಎರಡು ತಿಂಗಳು ಕಾದಾಡಿ, ಆಮೇಲೆ ಸರ್ಕಾರ ಪೂರ್ತಿ ಉತ್ತರದ ಕಾಡಿಗೆ ಹೋಯಿತು. 1947ರ ಅಕ್ಟೋಬರಿನಲ್ಲಿ ಫ್ರೆಂಚ್ ಪ್ಯಾರಾಟ್ರೂಪರ್‌ಗಳು ಬಾಕ್ ಕಾನ್ ಮೇಲೆ ಇಳಿದಾಗ ಹೋ ದೊಡ್ಡಪ್ಪ ಸ್ವಲ್ಪದರಲ್ಲಿ ತಪ್ಪಿಸಿಕೊಂಡರು.

ಇದರ ನಡುವೆ ಮನೆಯವರ ವಿಷಯ ಒಂದಿದೆ. ಅವರು ಅಧ್ಯಕ್ಷರಾದ ಮೇಲೆ ಪತ್ರಿಕೆಯಲ್ಲಿ ಬಂದ ಫೋಟೋ ನೋಡಿ ಅಕ್ಕನಿಗೆ ಅನುಮಾನ ಬಂತು, ಇವನು ನಮ್ಮ ತಮ್ಮ ಇರಬಹುದಾ ಅಂತ. ಹಳ್ಳಿಯಿಂದ ಬಾತುಕೋಳಿ, ಮೊಟ್ಟೆ ಕಟ್ಟಿಕೊಂಡು ಹನೋಯ್‌ಗೆ ಬಂದರು. ಅಣ್ಣನೂ ಬಂದರು. ಎಷ್ಟೋ ದಶಕದ ಮೇಲಿನ ಭೇಟಿ, ಅದೂ ತೀರಾ ಸ್ವಲ್ಪ ಹೊತ್ತು. 1950ರಲ್ಲಿ ಅಣ್ಣ ತೀರಿಕೊಂಡಾಗ ಅವರು ಕಾಡಿನಲ್ಲಿದ್ದರು. ಹೋಗೋಕಾಗಲಿಲ್ಲ, ಕ್ಷಮೆ ಕೇಳಿ ಬಂಧುಗಳಿಗೆ ತಂತಿ ಕಳಿಸಿದರು. ಹುಟ್ಟಿದ ಹಳ್ಳಿಗೆ ಕಾಲಿಡೋಕೆ 1957 ಆಗಬೇಕಾಯಿತು.

1949ರಲ್ಲಿ ಚೀನಾದಲ್ಲಿ ಮಾವೋ ಗೆದ್ದ ಮೇಲೆ ಲೆಕ್ಕ ಬದಲಾಯಿತು. ಅರವತ್ತರ ಹತ್ತಿರದ ಮುದುಕ ಗಡಿಯವರೆಗೆ ಕಾಲ್ನಡಿಗೆಯಲ್ಲಿ ಹೋಗಿ, ಬೀಜಿಂಗ್, ಮಾಸ್ಕೋ ಮುಟ್ಟಿ ಸಹಾಯ ಕೇಳಿಕೊಂಡು ಬಂದರು. ಚೀನಾದಿಂದ ಫಿರಂಗಿ, ತರಬೇತಿ, ಸಲಹೆಗಾರರು ಬಂದರು. ಆ ಕಡೆ ಫ್ರೆಂಚರ ಖರ್ಚನ್ನ ಅಮೆರಿಕ ಹೊರೋಕೆ ಶುರು ಮಾಡಿತು, ಕೊನೆಯ ಹೊತ್ತಿಗೆ ಮುಕ್ಕಾಲು ಪಾಲು. ಬರೀ ಬಿದಿರಿನಿಂದ ಗೆದ್ದರು ಅನ್ನೋದು ಕೇಳೋಕೆ ಚೆನ್ನಾಗಿರುತ್ತೆ, ಆದರೆ ಪೂರ್ತಿ ನಿಜ ಅಲ್ಲ.

ಬಿದಿರಿನ ಕಥೆ ನಿಜವಾಗೋದು ದಿಯೆನ್ ಬಿಯೆನ್ ಫುನಲ್ಲಿ. ಲಾವೋಸ್ ಗಡಿಯ ಹತ್ತಿರ ಬೆಟ್ಟಗಳ ನಡುವಿನ ಕಣಿವೆ. 1953ರ ನವೆಂಬರಿನಲ್ಲಿ ಫ್ರೆಂಚರು ಅಲ್ಲಿ ಪ್ಯಾರಾಶೂಟಲ್ಲಿ ಇಳಿದು ಕೋಟೆ ಕಟ್ಟಿದರು. ಅವರ ಲೆಕ್ಕ ಸರಳ. ನಮಗೆ ರನ್‌ವೇ ಇದೆ, ಸಾಮಾನು ವಿಮಾನದಲ್ಲಿ ಬರುತ್ತೆ. ರಸ್ತೆಯೇ ಇಲ್ಲದ ಬೆಟ್ಟಕ್ಕೆ ಅವರು ಫಿರಂಗಿ ತರೋದು ಹೇಗೆ? ತಂದರು. ಎರಡು ಟನ್ನಿಗೂ ಹೆಚ್ಚು ತೂಕದ 105 ಮಿ.ಮೀ. ಫಿರಂಗಿಗಳನ್ನ ಹಗ್ಗ ಕಟ್ಟಿ, ರಾತ್ರಿ ಹೊತ್ತು, ಇಂಚಿಂಚಾಗಿ ಎಳೆದರು. ಎಲ್ಲ ಎಳೆದು ಮುಗಿದು ದಾಳಿಗೆ ಗಂಟೆ ಎಣಿಸುತ್ತಿದ್ದಾಗ, ಜನವರಿ 26ರಂದು, ಸೇನಾಪತಿ ವೋ ನ್ಗುಯೆನ್ ಜಾಪ್ ನಿಲ್ಲಿಸಿಬಿಟ್ಟರು. ಗೆಲ್ಲೋದು ಖಚಿತ ಇದ್ದರೆ ಮಾತ್ರ ಹೊಡೆಯಬೇಕು ಅಂತ ಹೋ ಹೇಳಿ ಕಳಿಸಿದ್ದರು, ಜಾಪ್‌ಗೆ ಖಚಿತ ಇರಲಿಲ್ಲ. ಹತ್ತಿಸಿದ ಫಿರಂಗಿಗಳನ್ನ ಅದೇ ಕೈಗಳು ಮತ್ತೆ ಹಿಂದಕ್ಕೆ ಎಳೆದವು. ಇಳಿಜಾರಲ್ಲಿ ಜಾರುತ್ತಿದ್ದ ಒಂದು ತೋಪಿನ ಚಕ್ರಕ್ಕೆ ಮೈಯನ್ನೇ ಅಡ್ಡ ಕೊಟ್ಟು ಸತ್ತವನ ಹೆಸರು ತೋ ವಿನ್ ಜಿಯೆನ್. ಆಮೇಲೆ ಒಂದೂವರೆ ತಿಂಗಳು ಹೊಸದಾಗಿ ತಯಾರಿ. ಗುಡ್ಡದ ಮುಂಬದಿಯಲ್ಲಿ ಗುಂಡಿ ಕೊರೆದು ಫಿರಂಗಿಗಳನ್ನ ಒಳಗೆ ಹುದುಗಿಸಿದರು.

ಅನ್ನ ಬೇಕಲ್ಲ? ಸುಮಾರು 2.6 ಲಕ್ಷ ಜನ ಹೊರೆಯಾಳುಗಳು, ಅವರಲ್ಲಿ ಹೆಂಗಸರು ಬಹಳ. 20,000ಕ್ಕೂ ಹೆಚ್ಚು ಸೈಕಲ್ಲು. ಸೈಕಲ್ ತುಳಿಯೋದಕ್ಕಲ್ಲ, ತಳ್ಳೋದಕ್ಕೆ. ಹ್ಯಾಂಡಲ್ಲಿಗೆ ಒಂದು ಬಿದಿರು ಕಟ್ಟಿ ಉದ್ದ ಮಾಡೋದು, ಸೀಟಿನ ಜಾಗದಲ್ಲಿ ಇನ್ನೊಂದು ಬಿದಿರು ನಿಲ್ಲಿಸೋದು. ಒಂದು ಕೈ ತಿರುಗಿಸೋಕೆ, ಇನ್ನೊಂದು ತಳ್ಳೋಕೆ, ಬ್ಯಾಲೆನ್ಸಿಗೆ. ಫ್ರೇಮಿಗೆ ಕಬ್ಬಿಣ ಮರದ ಪಟ್ಟಿ ಬಿಗಿದು, ಟೈರಿನೊಳಗೆ ಹಳೇ ಬಟ್ಟೆ ಸುತ್ತಿದರೆ ಒಂದು ಸೈಕಲ್ಲು 200 ಕಿಲೋ ಹೊರುತ್ತೆ, ಕೆಲವರು 300 ದಾಟಿಸಿದರು. ಮೆಕ್ಯಾನಿಕಲ್‌ನ ನಮ್ಮ ಗೆಳೆಯರು ಇದನ್ನ ಕಾಗದದ ಮೇಲೆ ಹಾಕಿ ನೋಡಿ, ಫೋರ್ಕ್ ಮುರೀಬೇಕಿತ್ತು ಅಂತ ಈಗಲೂ ಹೇಳ್ತಾರೆ. ಮುರಿಯುತ್ತಿತ್ತು, ರಿಪೇರಿ ಮಾಡ್ತಿದ್ದರು.

ಮಾರ್ಚ್ 13ರಂದು ಫಿರಂಗಿಗಳು ಬಾಯಿ ತೆರೆದವು. ಎರಡೇ ದಿನಕ್ಕೆ ಫ್ರೆಂಚ್ ಫಿರಂಗಿದಳದ ಮುಖ್ಯಸ್ಥ ಕರ್ನಲ್ ಪಿರೋತ್ ತನ್ನ ಲೆಕ್ಕ ತಪ್ಪಿದ್ದನ್ನ ತಾಳಲಾರದೆ ಗ್ರೆನೇಡಿನಿಂದ ಪ್ರಾಣ ತೆಗೆದುಕೊಂಡ. ತಿಂಗಳ ಕೊನೆಗೆ ರನ್‌ವೇ ಸತ್ತಿತು. ಕಂದಕಗಳು ದಿನ ದಿನ ಕೋಟೆಯ ಹತ್ತಿರ ಬಂದವು. ಎ1 ಅನ್ನೋ ಗುಡ್ಡ ಬೀಳದಿದ್ದಾಗ ಅದರ ಕೆಳಗೆ ಸುರಂಗ ಕೊರೆದು ಸುಮಾರು ಒಂದು ಟನ್ ಸ್ಫೋಟಕ ತುಂಬಿ ಮೇ 6ರ ಸಂಜೆ ಸಿಡಿಸಿದರು. ಮರುದಿನ ಸಂಜೆ ಎಲ್ಲಾ ಮುಗಿಯಿತು. 56 ದಿನ.

ಸೆರೆಸಿಕ್ಕವರು ಹತ್ತು ಸಾವಿರಕ್ಕೂ ಹೆಚ್ಚು. ಅವರಲ್ಲಿ ಫ್ರೆಂಚರಷ್ಟೇ ಅಲ್ಲ, ಅಲ್ಜೀರಿಯಾ, ಮೊರಾಕೋದವರು, ಜರ್ಮನರು, ವಿಯೆಟ್ನಾಮಿನವರೇ ಆದ ಸೈನಿಕರು. ನೂರಾರು ಮೈಲಿ ನಡೆಸಿಕೊಂಡು ಹೋದರು. ಹಸಿವು, ಭೇದಿ, ಜ್ವರ. ಮೂರನೇ ಒಂದು ಪಾಲಿನಷ್ಟು ಜನ ಮಾತ್ರ ವಾಪಸ್ ಬಂದರು. ಗೆದ್ದವರ ಕಡೆಯೂ ಸಾವಿರಾರು ಹೆಣ. ಸೋತ ಸುದ್ದಿ ಅಲ್ಜೀರಿಯಾಕ್ಕೆ ತಲುಪಿತು, ಆ ವರ್ಷದ ನವೆಂಬರಿನಲ್ಲಿ ಅಲ್ಲೂ ಹೋರಾಟ ಹೊತ್ತಿತು.

ಇಷ್ಟಕ್ಕೇ ನಿಲ್ಲಿಸಿದ್ದರೆ ಲೇಖನ ಚೆನ್ನಾಗಿರ್ತಿತ್ತು. ಆದರೆ ನ್ಗುಯೆನ್ ಥಿ ನಾಮ್ ಅನ್ನೋ ಹೆಂಗಸಿನ ವಿಷಯ ಓದಿದ ಮೇಲೆ ಬಿಡೋಕಾಗಲಿಲ್ಲ. ಥಾಯ್ ನ್ಗುಯೆನ್‌ನ ಶ್ರೀಮಂತ ಜಮೀನುದಾರಿಣಿ. ಚಿನ್ನದ ವಾರದಲ್ಲಿ ಕೈತುಂಬ ಚಿನ್ನ ಕೊಟ್ಟವರು, ನಾಯಕರನ್ನ ಮನೆಯಲ್ಲಿ ಬಚ್ಚಿಟ್ಟವರು, ಮಗನನ್ನ ಸೈನ್ಯಕ್ಕೆ ಕಳಿಸಿದವರು. 1953ರಲ್ಲಿ, ಯುದ್ಧ ಇನ್ನೂ ನಡೀತಿರುವಾಗಲೇ, ಭೂಸುಧಾರಣೆ ಶುರುವಾಯಿತು. ಉಳುವವನಿಗೆ ಭೂಮಿ ಸಿಕ್ಕಿತು, ಅದು ನಿಜ. ದಿಯೆನ್ ಬಿಯೆನ್ ಫುಗೆ ಅಕ್ಕಿ ಹೊತ್ತ ರೈತರಿಗೆ ಅದು ದೊಡ್ಡ ಆಸೆಯೂ ಆಗಿತ್ತು. ಆದರೆ ಜನರ ಮುಂದೆ ವಿಚಾರಣೆ ನಡೆಸಿ ಗುಂಡಿಕ್ಕಿದ ಮೊದಲ ಜಮೀನುದಾರರು ಈ ನಾಮ್. ಹೋ ಅವರಿಗೆ ಇದು ಇಷ್ಟವಿರಲಿಲ್ಲ ಅಂತ ಜೊತೆಯಲ್ಲಿದ್ದವರು ಆಮೇಲೆ ಬರೆದರು. ಇಷ್ಟವಿರಲಿಲ್ಲ, ಆದರೆ ನಿಲ್ಲಿಸಲಿಲ್ಲ. 1956ರ ವೇಳೆಗೆ ಸಾವಿರಗಟ್ಟಲೆ ಜನ ಹೀಗೆ ಸತ್ತರು, ಎಷ್ಟೋ ಜನ ಸುಳ್ಳು ಆರೋಪಕ್ಕೆ. ಆ ವರ್ಷ ಸರ್ಕಾರ ತಪ್ಪು ಒಪ್ಪಿಕೊಂಡಿತು, ಪಕ್ಷದ ಕಾರ್ಯದರ್ಶಿಯನ್ನ ಇಳಿಸಿದರು, ಹೋ ಸಂಸತ್ತಿನಲ್ಲಿ ಅತ್ತರು. ಈ ಪ್ಯಾರಾ ಇರಲೋ ಬೇಡವೋ ಅಂತ ನಮ್ಮೊಳಗೇ ಜಗಳ ಆಯಿತು. ಅತ್ತರಲ್ಲ ಅಂತ ಒಬ್ಬರು, ಅತ್ತರೆ ನಾಮ್ ವಾಪಸ್ ಬರ್ತಾರಾ ಅಂತ ಇನ್ನೊಬ್ಬರು. ದೊಡ್ಡಪ್ಪ ಅಂತ ಕರೆದ ಮೇಲೆ ಮನೆಯವರ ತಪ್ಪನ್ನೂ ಬರೀಬೇಕು ಅಂತ ಕೊನೆಗೆ ಇಟ್ಟುಕೊಂಡ್ವಿ.

1954ರ ಜುಲೈನಲ್ಲಿ ಜಿನೀವಾ ಒಪ್ಪಂದ ದೇಶವನ್ನ 17ನೇ ಅಕ್ಷಾಂಶದಲ್ಲಿ ತಾತ್ಕಾಲಿಕವಾಗಿ ಎರಡು ಮಾಡಿತು. 1956ರಲ್ಲಿ ಚುನಾವಣೆ ಮಾಡಿ ಒಂದು ಮಾಡೋದು ಅಂತ ಮಾತು. ಚುನಾವಣೆ ಆಗಲೇ ಇಲ್ಲ. ಒಪ್ಪಂದದ ಮೇಲ್ವಿಚಾರಣೆಯ ಆಯೋಗಕ್ಕೆ ಭಾರತದ ಅಧ್ಯಕ್ಷತೆ; ಆ ಅಕ್ಟೋಬರಿನಲ್ಲೇ ನೆಹರೂ ಹನೋಯ್‌ಗೆ ಹೋದರು, 1958ರಲ್ಲಿ ಹೋ ಭಾರತಕ್ಕೆ ಬಂದರು. ಕೋಲ್ಕತ್ತದಲ್ಲಿ ಹೋ ಚಿ ಮಿನ್ ಸರಣಿ ಅಂತ ಒಂದು ರಸ್ತೆ ಇದೆ. ಅಮೆರಿಕದ ಕಾನ್ಸುಲೇಟ್ ಇರೋದು ಅದೇ ರಸ್ತೆಯಲ್ಲಿ, ಬೇಕಂತಲೇ ಇಟ್ಟ ಹೆಸರು.

ಹನೋಯ್‌ನಲ್ಲಿ ಫ್ರೆಂಚ್ ಗವರ್ನರನ ಅರಮನೆ ಖಾಲಿ ಇದ್ದರೂ ಅವರು ಅಲ್ಲಿ ವಾಸ ಮಾಡಲಿಲ್ಲ. ಅದರ ತೋಟದಲ್ಲಿ ಕಂಬಗಳ ಮೇಲೆ ಒಂದು ಮರದ ಮನೆ ಕಟ್ಟಿಸಿಕೊಂಡರು, ಮೇಲೆ ಎರಡು ಸಣ್ಣ ಕೋಣೆ, ಮುಂದೆ ಮೀನಿನ ಕೊಳ. ಅಮೆರಿಕದ ಯುದ್ಧ ನಡೀತಿರುವಾಗಲೇ, 1969ರ ಸೆಪ್ಟೆಂಬರ್ 2ರಂದು, ಅಂದ್ರೆ ಸ್ವಾತಂತ್ರ್ಯ ದಿನದಂದೇ ತೀರಿಕೊಂಡರು. ಹಬ್ಬದ ದಿನ ಸಾವಿನ ಸುದ್ದಿ ಬೇಡ ಅಂತ ಪಕ್ಷ 3ನೇ ತಾರೀಕು ಅಂತ ಹೇಳಿತು. ನಿಜವಾದ ತಾರೀಕು ಹೊರಬಂದಿದ್ದು 1989ರಲ್ಲಿ. ಅವರ ಉಯಿಲಿನ ಕೆಲವು ಭಾಗಗಳೂ ಆಗಲೇ ಹೊರಬಂದಿದ್ದು. ತಮ್ಮ ದೇಹ ಸುಡಬೇಕು, ಬೂದಿಯನ್ನ ಮೂರು ಪಾಲು ಮಾಡಿ ಉತ್ತರ, ಮಧ್ಯ, ದಕ್ಷಿಣದ ಗುಡ್ಡಗಳಲ್ಲಿ ಹೂಳಬೇಕು ಅಂತ ಬರೆದಿದ್ದರು. ಯುದ್ಧ ಗೆದ್ದ ಮೇಲೆ ರೈತರಿಗೆ ಒಂದು ವರ್ಷದ ಕೃಷಿ ತೆರಿಗೆ ಬಿಡಿ ಅಂತಾನೂ ಇತ್ತು.

ಸುಡಲಿಲ್ಲ. ಬಾ ದಿನ್ ಮೈದಾನದ ಪಕ್ಕದ ಕಲ್ಲಿನ ಕಟ್ಟಡದಲ್ಲಿ, ಗಾಜಿನ ಪೆಟ್ಟಿಗೆಯೊಳಗೆ ದೇಹವನ್ನ ಇಟ್ಟಿದ್ದಾರೆ. ಪ್ರತಿ ವರ್ಷ ಕೆಲವು ವಾರ ನಿರ್ವಹಣೆಗಾಗಿ ಮುಚ್ಚಿರುತ್ತೆ, ತೆರೆದಿರುವ ದಿನಗಳಲ್ಲಿ ಬೆಳಿಗ್ಗೆ ಹೊತ್ತು ಸಾಲಲ್ಲಿ ನಿಂತು ನೋಡಬಹುದು.